ನಾಲ್ಕು ದಿನ, ಮೂರು ಸೀಮೆ: ಧಾರವಾಡ, ಗದಗ, ಹಾವೇರಿಯ ಪ್ರವಾಸವನ್ನು ಹೇಗೆ ಜೋಡಿಸಬೇಕು?

ಪ್ರಶ್ನೆ: ನಾವು ಮೈಸೂರು ಕಡೆಯವರು. ಮೂರು ವರ್ಷಗಳಿಂದ ಹುಬ್ಬಳ್ಳಿಯಲ್ಲಿ ನೆಲೆಸಿದ್ದೇವೆ. ಡಿಸೆಂಬರ್ ಕೊನೆಯ ವಾರ ನಮ್ಮ ಅತ್ತೆ, ಮಾವ ಬರುತ್ತಿದ್ದಾರೆ. ಮಾವನವರಿಗೆ 74 ವರ್ಷ. ಅತ್ತೆಯವರಿಗೆ 69, ಮೊಣಕಾಲು ನೋವಿದೆ. ಮಕ್ಕಳಿಗೆ 12 ಮತ್ತು 8. ಮಾವನವರಿಗೆ ಮಠ, ಕ್ಷೇತ್ರಗಳ ದರ್ಶನವಾಗಬೇಕು, ನನ್ನ ಪತಿಗೆ ಚಾಲುಕ್ಯರ ಗುಡಿಗಳನ್ನು ನೋಡಬೇಕು, ಮಕ್ಕಳಿಗೆ ಬಂಕಾಪುರದ ನವಿಲು ಮತ್ತು ಮಾಗಡಿಯ ಹಕ್ಕಿ ಬೇಕು. ಪರಿಚಯದವರೊಬ್ಬರು ಎರಡೇ ದಿನಗಳಲ್ಲಿ ಹದಿನಾರು ಸ್ಥಳ ನೋಡುವ ಪಟ್ಟಿ ಕೊಟ್ಟಿದ್ದಾರೆ. ಇನ್ನೊಬ್ಬರು, ಇಲ್ಲಿ ನೋಡುವಂಥದ್ದು ಏನಿದೆ, ಹಂಪಿ–ಬಾದಾಮಿಗೆ ಹೋಗಿ ಎನ್ನುತ್ತಾರೆ. ಒಡೆದು ಭಿನ್ನವಾದ ಮೂರ್ತಿಗಳಿರುವ ಪಾಳು ಗುಡಿಗಳಿಗೆ ಕಾಲಿಡಬಾರದು ಎಂಬುದು ಅತ್ತೆಯವರ ಮಾತು. ನಮಗೆ ನಾಲ್ಕು ದಿನಗಳ ಬಿಡುವಿದೆ. ಹೇಗೆ ಹೋಗುವುದು, ಎಲ್ಲಿ ಉಳಿಯುವುದು, ಏನನ್ನು ಬಿಡುವುದು ತಿಳಿಯುತ್ತಿಲ್ಲ.

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸ್ಥಳಗಳ ಬಗ್ಗೆ ನಿಮಗೆ ಗೊಂದಲವಿದ್ದಂತಿಲ್ಲ. ಒಬ್ಬರಿಗೆ ಹಿಡಿಸಿದ್ದು ಇನ್ನೊಬ್ಬರಿಗೆ ದಣಿವಾಗಬಾರದು, ಹಿರಿಯರು ಬಂದು ಹೋದ ಮೇಲೆ ಮನೆಯಲ್ಲಿ ಬೇಸರ ಉಳಿಯಬಾರದು ಎಂಬುದು ನಿಮ್ಮ ನಿಜವಾದ ಚಿಂತೆ. ಇಪ್ಪತ್ತು ವರ್ಷಗಳಿಂದ ಈ ಮೂರು ಜಿಲ್ಲೆಗಳಲ್ಲಿ ಜನರನ್ನು ಕರೆದುಕೊಂಡು ಓಡಾಡಿದವನಾಗಿ ಹೇಳುವುದಾದರೆ, ಈ ಚಿಂತೆಗೆ ಮೊದಲ ಕಾರಣ ಆ ಹದಿನಾರು ಸ್ಥಳಗಳ ಪಟ್ಟಿಯೇ. ಅದು ಕಿಲೋಮೀಟರ್ ನೋಡಿ ಮಾಡಿದ ಪಟ್ಟಿ. ಹುಬ್ಬಳ್ಳಿಯಿಂದ ಗದಗ 60 ಕಿ.ಮೀ. ಒಳಗೆ, ಅಲ್ಲಿಂದ ಲಕ್ಕುಂಡಿ 12 ಕಿ.ಮೀ., ಹಾಗಾದರೆ ಎಲ್ಲವೂ ಹತ್ತಿರವೇ ಎಂದು ಅನಿಸುವುದು ಸಹಜ. ಆದರೆ ಇಲ್ಲಿಯ ಗುಡಿಗಳು ಹಂಪಿಯಂತೆ ಒಂದೇ ಬಯಲಿನಲ್ಲಿ ಇಲ್ಲ. ಅವು ಊರ ನಡುವೆ, ಓಣಿಯ ಕೊನೆಯಲ್ಲಿ, ಮನೆಗಳ ಹಿತ್ತಲಿಗೆ ಅಂಟಿಕೊಂಡು ಇವೆ. ಊರು ಹೊಕ್ಕು, ವಾಹನ ನಿಲ್ಲಿಸಲು ಜಾಗ ಹುಡುಕಿ, ನಡೆದು, ನೋಡಿ, ಮತ್ತೆ ಹೆದ್ದಾರಿ ಸೇರುವ ಹೊತ್ತಿಗೆ ಪ್ರತಿ ಊರೂ ಕಡಿಮೆಯೆಂದರೆ ಒಂದೂವರೆ ಗಂಟೆ ಹಿಡಿಯುತ್ತದೆ. ಡಿಸೆಂಬರಿನಲ್ಲಿ ಸಂಜೆ ಆರರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನ ಪೂಜೆ ಮುಗಿದ ಮೇಲೆ ಹಲವು ದೇವಸ್ಥಾನಗಳ ಗರ್ಭಗುಡಿಯ ಬಾಗಿಲು ಹಾಕಿರುತ್ತದೆ. ಆದ್ದರಿಂದ ಕಿಲೋಮೀಟರ್ ಲೆಕ್ಕವನ್ನು ಬಿಟ್ಟು ಬಾಗಿಲು ಮತ್ತು ಬೆಳಕಿನ ಲೆಕ್ಕವನ್ನು ಹಿಡಿಯಿರಿ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಕೆಲಸ ಹಿಡಿದ ಹೊಸದರಲ್ಲಿ ಹದಿನೆಂಟು ಜನ ಹಿರಿಯರನ್ನು ಮಧ್ಯಾಹ್ನ ಒಂದೂವರೆಗೆ ಗದುಗಿನ ವೀರನಾರಾಯಣನ ಮುಂದೆ ತಂದು ನಿಲ್ಲಿಸಿದ್ದೆ. ಬಾಗಿಲು ಹಾಕಿತ್ತು. ಅವರಲ್ಲಿ ಒಬ್ಬ ಅಜ್ಜಿ ಕುಮಾರವ್ಯಾಸನ ಪದ್ಯಗಳನ್ನು ಬಾಯಿಪಾಠ ಹೇಳುವವರು. ಅವರು ಕಟ್ಟೆಯ ಮೇಲೆ ಸೆರಗು ಹಾಸಿ ಕುಳಿತು, "ಇರಲಿ ಬಿಡಪ್ಪಾ, ಬಾಗಿಲ ತೆಗೆಯೂತನಕ ಕೂಡತೀನಿ" ಎಂದರು. ಮುಂದಿನ ಊರಿನ ಹೆಸರು ಹೇಳಿ ನಾನೇ ಅವರನ್ನು ಎಬ್ಬಿಸಿಕೊಂಡು ಹೋದೆ. ಆ ದಿನ ಪಟ್ಟಿಯಲ್ಲಿದ್ದ ಊರುಗಳೆಲ್ಲ ಮುಗಿದವು, ಆ ಅಜ್ಜಿ ಬಂದ ಕೆಲಸವೊಂದೇ ಆಗಲಿಲ್ಲ. ಅಂದಿನಿಂದ ನಾನು ಒಂದು ದಿನಕ್ಕೆ ಮೂರು-ನಾಲ್ಕು ಊರಿಗಿಂತ ಹೆಚ್ಚು ಒಪ್ಪಿಕೊಂಡಿಲ್ಲ.

ಇಲ್ಲಿ ಏನಿದೆ ಎಂಬ ಎರಡನೆಯ ಮಾತಿಗೆ ಬರುತ್ತೇನೆ. ಹಂಪಿ, ಬಾದಾಮಿಗಳಿಗೆ ಹೋಗಬಾರದೆಂದು ನಾನು ಹೇಳುವುದಿಲ್ಲ, ಆದರೆ ಈ ನೆಲವನ್ನು ಅವುಗಳ ಅಳತೆಯಲ್ಲಿ ನೋಡುವುದು ಸರಿಯಲ್ಲ. ಸಾವಿರ ವರ್ಷಗಳ ಹಿಂದಿನ ಶಾಸನಗಳು ಈ ಪ್ರದೇಶವನ್ನು ನಾಡುಗಳಾಗಿ ವಿಂಗಡಿಸಿ, ಊರುಗಳ ಲೆಕ್ಕವೆನ್ನಲಾದ ಸಂಖ್ಯೆಯೊಂದಿಗೆ ಹೆಸರಿಸುತ್ತವೆ. ಅಣ್ಣಿಗೇರಿ, ಗದಗ, ಲಕ್ಕುಂಡಿಯ ಸೀಮೆ ಬೆಳ್ವೊಲ ಮುನ್ನೂರು. ಇಂದಿನ ಲಕ್ಷ್ಮೇಶ್ವರವಾದ ಪುಲಿಗೆರೆಯ ಸುತ್ತಲಿನದು ಪುಲಿಗೆರೆ ಮುನ್ನೂರು. ಇವೆರಡನ್ನೂ ಕೂಡಿಸಿ ಎರಡರುನೂರು ಎನ್ನುತ್ತಿದ್ದರು. ಪಶ್ಚಿಮಕ್ಕೆ, ಇಂದಿನ ಹಾನಗಲ್ಲನ್ನು ಕೇಂದ್ರವಾಗಿಟ್ಟುಕೊಂಡದ್ದು ಪಾನುಂಗಲ್ಲು ಐನೂರು. ಇವು ಕೇವಲ ಆಡಳಿತದ ಗೆರೆಗಳಲ್ಲ, ನೆಲವೇ ಹೀಗೆ ಬೇರೆಬೇರೆಯಾಗಿದೆ. ಬೆಳ್ವೊಲದ ಹೆಸರಿನಲ್ಲಿಯೇ ಹೊಲವಿದೆ. ಹುಬ್ಬಳ್ಳಿ ದಾಟಿ ಪೂರ್ವಕ್ಕೆ ಹೊರಟರೆ ಕಣ್ಣು ಹಾಯುವವರೆಗೂ ಕಪ್ಪು ಮಣ್ಣಿನ ಎರೆಭೂಮಿ, ಡಿಸೆಂಬರಿನಲ್ಲಿ ಅದರ ತುಂಬ ಹಿಂಗಾರಿ ಜೋಳ, ಕಡಲೆ, ಬಿಳಿ ಹತ್ತಿ. ಗದಗ ದಾಟಿದರೆ ಕಪ್ಪತಗುಡ್ಡದ ಸಾಲು. ದಕ್ಷಿಣಕ್ಕೆ ಬ್ಯಾಡಗಿ ಕಡೆ ಹೋದರೆ ಮೆಣಸಿನಕಾಯಿ, ಹಾನಗಲ್ಲಿಗೆ ಹೋದರೆ ಭತ್ತದ ಗದ್ದೆ, ಕೆರೆ, ಮಲೆನಾಡಿನ ಸೆರಗು. ಒಂದೇ ದಿನದೊಳಗೆ ಮಣ್ಣಿನ ಬಣ್ಣ ಬದಲಾಗುವುದನ್ನು ನಿಮ್ಮ ಮಕ್ಕಳು ಕಾರಿನ ಕಿಟಕಿಯಿಂದಲೇ ಕಾಣಬಹುದು. ಈ ಹಳೆಯ ನಾಡುಗಳನ್ನೇ ನಿಮ್ಮ ಪ್ರವಾಸದ ದಿನಗಳನ್ನಾಗಿ ಮಾಡಿಕೊಳ್ಳಿ. ಒಂದು ದಿನಕ್ಕೆ ಒಂದು ಸೀಮೆ. ಸೀಮೆಯಿಂದ ಸೀಮೆಗೆ ಅಡ್ಡಾದಿಡ್ಡಿ ಓಡುವುದೇ ದಣಿವಿಗೆ ಕಾರಣ.

ಇನ್ನು ಅತ್ತೆಯವರ ಮಾತು. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ, ಏಕೆಂದರೆ ಬಹಳ ಜನ ಹಿರಿಯರ ಮನಸ್ಸಿನಲ್ಲಿ ಇದಿದೆ. ಭಿನ್ನವಾದ ಮೂರ್ತಿಯನ್ನು ಪೂಜೆಗೆ ಇಡಬಾರದು ಎಂಬುದು ನಡೆದು ಬಂದ ನಿಯಮ. ಅದು ಪೂಜೆಗೆ ಸಂಬಂಧಿಸಿದ್ದು. ಅಂಥ ಗುಡಿಯನ್ನು ಪ್ರವೇಶಿಸಬಾರದು, ಕಣ್ಣಿನಿಂದ ನೋಡಬಾರದು ಎಂಬರ್ಥ ಅದಕ್ಕಿಲ್ಲ. ಅಲ್ಲದೆ ಇಲ್ಲಿಯ ಗುಡಿಗಳೆಲ್ಲ ಪಾಳು ಎಂಬುದೇ ತಪ್ಪು ತಿಳಿವಳಿಕೆ. ಗದುಗಿನ ತ್ರಿಕೂಟೇಶ್ವರ ಮತ್ತು ವೀರನಾರಾಯಣ, ಅಣ್ಣಿಗೇರಿಯ ಅಮೃತೇಶ್ವರ, ಹಾವೇರಿಯ ಸಿದ್ಧೇಶ್ವರ, ಹಾನಗಲ್ಲಿನ ತಾರಕೇಶ್ವರ ಇವೆಲ್ಲ ಪೂಜೆ ನಡೆಯುವ ದೇವಸ್ಥಾನಗಳು. ಅತ್ತೆಯವರನ್ನು ಮೊದಲು ಇಂಥ ಗುಡಿಗೆ ಕರೆದುಕೊಂಡು ಹೋಗಿ ಕಾಯಿ ಒಡೆಸಿ, ಆಮೇಲೆ ಲಕ್ಕುಂಡಿಗೆ ಹೋಗಿ. ಆ ಕ್ರಮದಲ್ಲಿ ಹೋದಾಗ ಯಾವ ಹಿರಿಯರೂ ಹೊರಗೆ ನಿಂತದ್ದನ್ನು ನಾನು ಕಂಡಿಲ್ಲ.

ಗುಡಿಗಳು ಭಿನ್ನವಾದದ್ದು ಏಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಯಾರೋ ಒಂದು ಸಲ ಬಂದು ಎಲ್ಲವನ್ನೂ ಒಡೆದರು ಎಂದು ಒಂದೇ ಮಾತಿನಲ್ಲಿ ಮುಗಿಸುವ ರೂಢಿಯಿದೆ. ಯುದ್ಧಗಳು ನಡೆದದ್ದು ನಿಜ. ಚೋಳರ ದಾಳಿಯಲ್ಲಿ ಬೆಳ್ವೊಲದ ಬಸದಿಗಳು ಹಾಳಾಗಿ ಮತ್ತೆ ಜೀರ್ಣೋದ್ಧಾರವಾದ ಸಂಗತಿಯನ್ನು ಹನ್ನೊಂದನೆಯ ಶತಮಾನದ ಗಾವರವಾಡದ ಶಾಸನ ಹೇಳುತ್ತದೆ. ಆದರೆ ಬುನಾದಿ ಕುಸಿದದ್ದು, ಶಿಖರದಲ್ಲಿ ಅರಳಿ ಬೇರೂರಿದ್ದು, ಬಿದ್ದ ಕಲ್ಲನ್ನು ಮನೆ ಕಟ್ಟಲು ಒಯ್ದದ್ದು ಇವೂ ಅಷ್ಟೇ ದೊಡ್ಡ ಕಾರಣಗಳು. ಲಕ್ಕುಂಡಿಯ ಓಣಿಗಳಲ್ಲಿ ನಡೆದಾಡುವಾಗ ಮನೆಯ ಕಟ್ಟೆಗಳನ್ನು ಗಮನಿಸಿ, ಕೆತ್ತನೆಯ ಕಲ್ಲು ಕಣ್ಣಿಗೆ ಬೀಳುತ್ತದೆ. ಕಲ್ಲಿನ ಗುಣವೂ ಇದರಲ್ಲಿ ಸೇರಿದೆ. ಬಾದಾಮಿ, ಪಟ್ಟದಕಲ್ಲಿನ ಗುಡಿಗಳು ಮರಳುಗಲ್ಲಿನವು. ಹನ್ನೊಂದನೆಯ ಶತಮಾನದ ಹೊತ್ತಿಗೆ ಈ ಸೀಮೆಯ ಶಿಲ್ಪಿಗಳು ಬಳಪದ ಕಲ್ಲಿನ ಕಡೆ ತಿರುಗಿದರು. ಅದು ಮೆದು, ಉಳಿಗೆ ಬಗ್ಗುತ್ತದೆ, ಅದಕ್ಕಾಗಿಯೇ ಇಲ್ಲಿಯ ಕೆತ್ತನೆ ಬಂಗಾರದ ಕೆಲಸದಷ್ಟು ಸೂಕ್ಷ್ಮವಾಯಿತು. ಅದೇ ಮೆದುತನದಿಂದ ಅದು ಬೇಗ ಗೀರು ಬೀಳುತ್ತದೆ, ಪದರು ಏಳುತ್ತದೆ. ಶಿಲ್ಪಕ್ಕೆ ಎಣ್ಣೆ, ಕುಂಕುಮ ಹಚ್ಚಬೇಡಿ ಎಂದು ಕಾವಲುಗಾರರು ಹೇಳಿದರೆ ದಯವಿಟ್ಟು ಬೇಸರಿಸಬೇಡಿ. ಒಂದೇ ರಾತ್ರಿಯಲ್ಲಿ ಜಕಣಾಚಾರಿ ಕಟ್ಟಿದ ಗುಡಿ ಎಂಬ ಮಾತನ್ನೂ ಊರೂರಲ್ಲಿ ಕೇಳುತ್ತೀರಿ. ಕೇಳಲು ಚೆಂದದ ಕಥೆ ಅದು. ಇವು ಅನೇಕ ದಾನಿಗಳು, ಅನೇಕ ತಂಡಗಳು ತಲೆಮಾರುಗಳ ಕಾಲ ಕಟ್ಟಿದ ಗುಡಿಗಳು ಎಂಬುದನ್ನು ಮಾತ್ರ ಮಕ್ಕಳಿಗೆ ಜೊತೆಯಲ್ಲಿ ಹೇಳಿ.

ಮೊದಲ ದಿನ ಬೆಳ್ವೊಲಕ್ಕೆ ಹೋಗಿ. ಬೆಳಿಗ್ಗೆ ಏಳಕ್ಕೆ ಹುಬ್ಬಳ್ಳಿ ಬಿಟ್ಟರೆ ದಾರಿಯಲ್ಲಿಯೇ ಅಣ್ಣಿಗೇರಿ ಸಿಗುತ್ತದೆ. ಅಮೃತೇಶ್ವರನ ದರ್ಶನ ಮಾಡಿ, ಹಳೆಯ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುವುದನ್ನು ಅತ್ತೆಯವರಿಗೆ ತೋರಿಸಿ. ಆದಿಕವಿ ಪಂಪನ ಹೆಸರಿನೊಂದಿಗೂ ಈ ಊರು ಸೇರಿಕೊಂಡಿದೆ. ಅಲ್ಲಿಂದ ಗದಗ ಸೇರಿ, ಬಾಗಿಲು ಹಾಕುವ ಮೊದಲು ವೀರನಾರಾಯಣನಲ್ಲಿಗೆ ಹೋಗಿ. ಕುಮಾರವ್ಯಾಸ ಒದ್ದೆ ಬಟ್ಟೆಯಲ್ಲಿ ಕಂಬಕ್ಕೊರಗಿ ಕುಳಿತು, ಬಟ್ಟೆ ಆರುವತನಕ ಭಾರತವನ್ನು ಹೇಳುತ್ತಿದ್ದ ಎಂಬ ಐತಿಹ್ಯದ ಆ ಕಂಬದ ಹತ್ತಿರ ಮಾವನವರು ಸ್ವಲ್ಪ ಹೊತ್ತು ಕೂಡಲಿ. ತ್ರಿಕೂಟೇಶ್ವರದ ಆವರಣ ಸಮತಟ್ಟಾಗಿದೆ, ಅತ್ತೆಯವರಿಗೆ ತೊಂದರೆಯಿಲ್ಲ. ಅಲ್ಲಿಯ ಸರಸ್ವತಿ ಗುಡಿಯ ಕಂಬಗಳನ್ನು ನೋಡದೆ ಬರಬೇಡಿ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿದ ವೀರೇಶ್ವರ ಪುಣ್ಯಾಶ್ರಮ ಇದೇ ಊರಲ್ಲಿದೆ. ಮಾವನವರಿಗೆ ಅದು ಎಲ್ಲ ಕ್ಷೇತ್ರಗಳಿಗಿಂತ ಹೆಚ್ಚು ಹಿಡಿಸಿದರೆ ನನಗೆ ಆಶ್ಚರ್ಯವಾಗುವುದಿಲ್ಲ.

ಊಟ ಮಾಡಿ ಮಧ್ಯಾಹ್ನ ಲಕ್ಕುಂಡಿಗೆ ಹೋಗಿ, ಮೂರು ತಾಸು ಅಲ್ಲಿಯೇ ಇರಿ. ನೂರೊಂದು ಗುಡಿ, ನೂರೊಂದು ಬಾವಿ ಎನ್ನುವುದು ಊರಿನವರ ಮಾತು. ಅವನ್ನೆಲ್ಲ ಎಣಿಸಲು ಹೋಗಬೇಡಿ, ಮೂರನ್ನು ನೋಡಿ. ಕಾಶಿವಿಶ್ವೇಶ್ವರ ಗುಡಿಯಲ್ಲಿ ಶಿವನ ಗುಡಿಯೂ ಸೂರ್ಯನ ಗುಡಿಯೂ ಎದುರುಬದುರಾಗಿವೆ. ಶಿವನ ಗುಡಿಯ ದಕ್ಷಿಣ ಬಾಗಿಲಿನ ಮುಂದೆ ನಿಲ್ಲಿ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಆ ಬಾಗಿಲಿನ ಮೇಲೆ ಬೆಳಕು ಓರೆಯಾಗಿ ಬೀಳುತ್ತದೆ. ಚೌಕಟ್ಟು ಒಂದರೊಳಗೊಂದು ಪಟ್ಟಿಯಾಗಿ ಒಳಸರಿಯುತ್ತದೆ, ಪ್ರತಿ ಪಟ್ಟಿಯಲ್ಲಿ ಬಳ್ಳಿ, ಬಳ್ಳಿಯ ಸುರುಳಿಯೊಳಗೆ ಪುಟ್ಟ ರೂಪಗಳು, ಕೆಲವು ಕಡೆ ಎಸಳು ಹಿಂದಿನ ಕಲ್ಲಿನಿಂದ ಬಿಡಿಸಿಕೊಂಡಂತೆ ನಿಂತು ಅದರ ಕೆಳಗೆ ನೆರಳು ಕಾಣುತ್ತದೆ. ಒಳಗಿನ ತಿರುಗಣಿ ಕಂಬಗಳ ಹತ್ತಿರ ಮಗುವನ್ನು ನಿಲ್ಲಿಸಿ. ಚರಕಿಗೆ ಹಾಕಿ ತಿರುಗಿಸಿ ಕಡೆದ ಕಂಬಗಳವು, ಕೊರಳಿನ ಬಳೆಗಳು ಕುಂಬಾರನ ತಿಗರಿಯಿಂದ ಇಳಿದಂತೆ ಸಮನಾಗಿವೆ.

ಎರಡನೆಯದು ಬ್ರಹ್ಮ ಜಿನಾಲಯ. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಸಿ ಹಂಚಿದ, ರನ್ನನಿಗೆ ಆಶ್ರಯ ಕೊಟ್ಟ ದಾನಚಿಂತಾಮಣಿ ಆಕೆ. ಒಂದು ಪುಸ್ತಕ ಉಳಿಯಬೇಕೆಂದು ಒಬ್ಬ ಹೆಣ್ಣುಮಗಳು ಇಷ್ಟು ಮಾಡಿದ ಊರಿದು ಎಂದು ನಿಮ್ಮ ಹನ್ನೆರಡು ವರ್ಷದ ಮಗುವಿಗೆ ಅಲ್ಲಿಯೇ ನಿಂತು ಹೇಳಿ. ಮೂರನೆಯದು ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿ. ಇಲ್ಲಿ ಎಚ್ಚರಿಕೆ ಬೇಕು. ಮೂರು ಕಡೆಯಿಂದ ಇಳಿಯುವ ಮೆಟ್ಟಿಲುಗಳು ಕಡಿದಾಗಿವೆ. ಅತ್ತೆಯವರು ಮೇಲೆಯೇ ಕುಳಿತು ನೋಡಲಿ, ಮಕ್ಕಳ ಕೈಯನ್ನು ದೊಡ್ಡವರು ಹಿಡಿದಿರಲಿ. ಶಿಲ್ಪಗಳ ವಸ್ತುಸಂಗ್ರಹಾಲಯಕ್ಕೆ ವಾರಕ್ಕೊಂದು ದಿನ ರಜೆಯಿರುತ್ತದೆ, ಹೊರಡುವ ಮೊದಲೇ ವಿಚಾರಿಸಿಕೊಳ್ಳಿ. ಡಂಬಳದ ದೊಡ್ಡಬಸಪ್ಪ ಗುಡಿ ನಕ್ಷತ್ರದ ಆಕಾರದ ತಳಪಾಯಕ್ಕೆ ಹೆಸರಾದದ್ದು. ನಿಮ್ಮ ಪತಿಗೆ ಅದನ್ನು ಬಿಡುವುದು ಕಷ್ಟವಾಗಬಹುದು. ಆದರೆ ಅದನ್ನು ಸೇರಿಸಿದರೆ ಲಕ್ಕುಂಡಿಯ ಒಂದೂವರೆ ತಾಸು ಹೋಗುತ್ತದೆ. ನಾನಾದರೆ ಈ ಸಲ ಬಿಡುತ್ತೇನೆ, ನೀವು ಹುಬ್ಬಳ್ಳಿಯಲ್ಲಿಯೇ ಇರುವವರು, ಇನ್ನೊಂದು ಭಾನುವಾರ ಬರಬಹುದು.

ಆ ರಾತ್ರಿ ಗದಗಿನಲ್ಲಿ ಉಳಿಯಿರಿ. ಇದಕ್ಕೆ ಕಾರಣ ಎರಡನೆಯ ದಿನ ಬೆಳಿಗ್ಗೆ ನೋಡಬೇಕಾದ ಮಾಗಡಿ ಕೆರೆ. ಗದಗಿನಿಂದ ಅದು 26 ಕಿ.ಮೀ., ಹುಬ್ಬಳ್ಳಿಯಿಂದ ಹೊರಟರೆ ಮಕ್ಕಳನ್ನು ಕತ್ತಲೆಯಲ್ಲಿ ಎಬ್ಬಿಸಬೇಕಾಗುತ್ತದೆ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಈ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ, ಚಳಿಗಾಲ ಕಳೆದು ಮರಳುತ್ತವೆ. ವರ್ಷವಿಡೀ ಹಕ್ಕಿ ಇರುತ್ತವೆ ಎಂದು ನಂಬಿ ಮೇ ತಿಂಗಳಲ್ಲಿ ಬಂದು ನಿರಾಶರಾದವರು ಅನೇಕ. ನಿಮ್ಮ ತಿಂಗಳು ಸರಿಯಾಗಿದೆ. ಅವು ಸುತ್ತಲಿನ ಹೊಲಗಳಿಗೆ ಮೇಯಲು ಹೋಗಿ ಬರುತ್ತವೆ, ಆದ್ದರಿಂದ ಯಾವ ಹೊತ್ತಿಗೆ ನೀರಿನ ಮೇಲಿರುತ್ತವೆ ಎಂದು ಹಿಂದಿನ ದಿನವೇ ಅಲ್ಲಿಯ ಅರಣ್ಯ ಇಲಾಖೆಯ ಸಿಬ್ಬಂದಿಯನ್ನು ಕೇಳಿ. ದುರ್ಬೀನು ಇಲ್ಲದಿದ್ದರೆ ಮಕ್ಕಳಿಗೆ ಕಾಣುವುದು ಬೂದು ಚುಕ್ಕೆಗಳು ಮಾತ್ರ, ಹೇಗಾದರೂ ಮಾಡಿ ಒಂದನ್ನು ತನ್ನಿ. ಅಲ್ಲಿಂದ ಶಿರಹಟ್ಟಿಯ ಫಕೀರೇಶ್ವರ ಮಠ, ಹಿಂದೂ, ಮುಸ್ಲಿಂ ಭಕ್ತರಿಬ್ಬರೂ ನಡೆದುಕೊಳ್ಳುವ ಗದ್ದುಗೆ. ಆಮೇಲೆ ಲಕ್ಷ್ಮೇಶ್ವರದ ಸೋಮೇಶ್ವರ ಮತ್ತು ಶಂಖ ಬಸದಿ. ತಿರುಳ್ಗನ್ನಡದ, ಅಂದರೆ ಅಚ್ಚ ಕನ್ನಡದ, ನಾಡಿನ ಎಲ್ಲೆಗಳಲ್ಲಿ ಒಂದೆಂದು ಕವಿರಾಜಮಾರ್ಗ ಹೆಸರಿಸುವ ಪುಲಿಗೆರೆ ಇದೇ. ಸಂಜೆಗೆ ಹುಬ್ಬಳ್ಳಿ ಸೇರುತ್ತೀರಿ.

ಮೂರನೆಯ ದಿನ ದಕ್ಷಿಣಕ್ಕೆ, ಬೆಳಿಗ್ಗೆ ಬೇಗ ಬಂಕಾಪುರದ ಕೋಟೆಗೆ. ಮಕ್ಕಳಿಗೆ ಈಗಲೇ ಒಂದು ಸಂಗತಿ ಹೇಳಿಬಿಡಿ: ಗಂಡು ನವಿಲು ಮಳೆಗಾಲದ ನಂತರ ಗರಿ ಉದುರಿಸುತ್ತದೆ, ಡಿಸೆಂಬರಿನಲ್ಲಿ ಚಿತ್ರದಲ್ಲಿರುವಂಥ ಪೂರ್ತಿ ಬಾಲ ಕಾಣುವುದಿಲ್ಲ, ಕುಣಿತವೂ ಇರುವುದಿಲ್ಲ. ನವಿಲುಗಳು ಮಾತ್ರ ಕಂದಕದ ಪೊದೆಗಳಲ್ಲಿ ಬೆಳಿಗ್ಗೆ, ಸಂಜೆ ಕಾಣುತ್ತವೆ, ಗದ್ದಲ ಮಾಡದಿದ್ದರೆ. ಕೋಟೆಯೊಳಗಿನ ನಗರೇಶ್ವರ ಗುಡಿಯನ್ನು ಅರವತ್ತು ಕಂಬದ ಗುಡಿ ಎನ್ನುತ್ತಾರೆ. ಅಲ್ಲಿಂದ ಮುಂದೆ ನೀವು ಒಂದು ಆಯ್ಕೆ ಮಾಡಲೇಬೇಕು. ಮಾವನವರ ಕಡೆ ನೋಡಿದರೆ ಕನಕದಾಸರ ಬಾಡ ಮತ್ತು ಕಾಗಿನೆಲೆ, ಪತಿಯ ಕಡೆ ನೋಡಿದರೆ ಹಾನಗಲ್ಲಿನ ತಾರಕೇಶ್ವರ, ಅಲ್ಲಿಯ ಮಂಟಪದ ಒಳಮಾಳಿಗೆಯಲ್ಲಿ ಇಳಿಬಿದ್ದ ಕಲ್ಲಿನ ದೊಡ್ಡ ಕಮಲ. ಎರಡನ್ನೂ ಒಂದೇ ದಿನದಲ್ಲಿ ಹಿಡಿದರೆ ಎರಡೂ ಕೆಡುತ್ತವೆ. ಈ ಸಲ ಹಿರಿಯರ ಪ್ರವಾಸವಾದ್ದರಿಂದ ಕಾಗಿನೆಲೆಯ ಪಕ್ಷವೇ ನನ್ನದು. ಬಾಡದಲ್ಲಿರುವ ಅರಮನೆ ಇತ್ತೀಚಿನ ವರ್ಷಗಳಲ್ಲಿ ಕಟ್ಟಿದ್ದು, ಕನಕದಾಸರ ಕಾಲದ್ದಲ್ಲ ಎಂಬುದು ಮಕ್ಕಳಿಗೆ ತಿಳಿದಿರಲಿ. ಮರಳುವಾಗ ಸೂರ್ಯ ಇಳಿಯುವ ಹೊತ್ತಿಗೆ ಹಾವೇರಿಯ ಸಿದ್ಧೇಶ್ವರ ಗುಡಿಯ ಮುಂದೆ ಇರುವಂತೆ ನೋಡಿಕೊಳ್ಳಿ. ಸಾಮಾನ್ಯವಾಗಿ ಗುಡಿಗಳು ಪೂರ್ವಕ್ಕೆ ಮುಖ ಮಾಡಿದರೆ ಇದು ಪಶ್ಚಿಮಕ್ಕೆ ಮುಖ ಮಾಡಿದೆ, ಸಂಜೆಯ ಬಿಸಿಲು ನೇರ ಅದರ ಮುಖದ ಮೇಲೆ ಬೀಳುತ್ತದೆ. ಅದನ್ನು ಬೆಳಿಗ್ಗೆ ನೋಡಿದರೆ ಅರ್ಧ ಗುಡಿಯನ್ನಷ್ಟೇ ನೋಡಿದಂತೆ. ಹಾವೇರಿಯ ಏಲಕ್ಕಿ ಹಾರ ಕೊಳ್ಳುವುದಿದ್ದರೆ ಅದೇ ಹೊತ್ತು.

ಹೇಗೆ ಹೋಗಬೇಕೆಂದು ಕೇಳಿದ್ದೀರಿ. ಗದಗಿಗೆ ರೈಲೂ ಇದೆ, ಬಸ್ಸುಗಳೂ ಬೇಕಾದಷ್ಟಿವೆ. ನೀವು ಮತ್ತು ಪತಿ ಮಾತ್ರ ಆಗಿದ್ದರೆ ಬಸ್ಸನ್ನೇ ಹೇಳುತ್ತಿದ್ದೆ. ಆದರೆ ಲಕ್ಕುಂಡಿಯಲ್ಲಿ ವೇಗದೂತ ಬಸ್ಸುಗಳೆಲ್ಲ ನಿಲ್ಲುವುದಿಲ್ಲ, ಮಾಗಡಿ, ಬಾಡದಂಥ ಕಡೆ ಒಂದು ಬಸ್ಸು ತಪ್ಪಿದರೆ ಬಹಳ ಹೊತ್ತು ಕಾಯಬೇಕಾಗುತ್ತದೆ. ಮೊಣಕಾಲು ನೋವಿನವರಿಗೆ ಆ ಕಾಯುವಿಕೆ ಬೇಡ. ಬಾಡಿಗೆ ಕಾರು ಮಾಡಿ, ದೊಡ್ಡ ಟೆಂಪೊ ಟ್ರಾವೆಲರ್ ಬೇಡ, ಓಣಿಗಳಲ್ಲಿ ಅದು ತಿರುಗುವುದಿಲ್ಲ. ದಿನದ ಬಾಡಿಗೆ, ಕಿಲೋಮೀಟರ್ ಮಿತಿ, ರಾತ್ರಿ ಚಾಲಕರ ಊಟ, ವಸತಿ ಇವನ್ನು ಮೊದಲೇ ಬರೆಸಿಕೊಳ್ಳಿ. ನಿಮ್ಮ ದಿನಗಳಲ್ಲಿ ಎಳ್ಳ ಅಮಾವಾಸ್ಯೆ ಬರುತ್ತದೆಯೇ ಎಂದು ಪಂಚಾಂಗ ನೋಡಿ. ಅಂದು ಎರೆನಾಡಿನಲ್ಲಿ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಚರಗ ಚೆಲ್ಲಲು, ಅಂದರೆ ನೈವೇದ್ಯದ ಅಡುಗೆಯನ್ನು ಹೊಲದಲ್ಲಿ ಚೆಲ್ಲಿ ಭೂಮಿತಾಯಿಗೆ ಅರ್ಪಿಸಲು, ಹೋಗುತ್ತಾರೆ. ಚಾಲಕರು ಸಿಗುವುದು ಕಷ್ಟ, ಖಾನಾವಳಿಗಳೂ ಮುಚ್ಚಿರಬಹುದು. ಆದರೆ ಪರಿಚಯದ ರೈತರಿದ್ದು ಅವರು ಕರೆದರೆ, ಗುಡಿಯ ಕಾರ್ಯಕ್ರಮವನ್ನು ಬದಿಗಿಟ್ಟು ಆ ಹೊಲಕ್ಕೆ ಹೋಗಿ. ಅಕಾಲ ಮಳೆ ಬಿದ್ದರೆ ಡಾಂಬರು ಬಿಟ್ಟು ಎರೆಯ ದಾರಿಗೆ ಕಾರು ಇಳಿಸಬೇಡಿ, ಆ ಮಣ್ಣು ಗಾಲಿಗೆ ಮೆತ್ತಿಕೊಂಡರೆ ಟ್ರ್ಯಾಕ್ಟರ್ ಬರುವತನಕ ಅಲ್ಲೇ ನಿಲ್ಲಬೇಕಾಗುತ್ತದೆ.

ಅತ್ತೆಯವರಿಗೆ ದಪ್ಪನೆಯ ಕಾಲುಚೀಲ, ಮಡಚುವ ಪುಟ್ಟ ಕುರ್ಚಿ ಕಾರಿನಲ್ಲಿರಲಿ. ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ನಡೆಯುವಾಗ ಬೆಳಿಗ್ಗೆ ಥಂಡಿ, ಮಧ್ಯಾಹ್ನ ಬಿಸಿ. ಎರಡೂ ಮೊಣಕಾಲಿಗೆ ಆಗಿಬರುವುದಿಲ್ಲ.

ನಾಲ್ಕನೆಯ ದಿನವನ್ನು ಖಾಲಿ ಬಿಡಿ. ಯಾರಿಗಾದರೂ ಮೈ ಸರಿಯಿಲ್ಲದಿದ್ದರೆ ವಿಶ್ರಾಂತಿಗೆ ಅದು ಬೇಕಾಗುತ್ತದೆ. ಎಲ್ಲರೂ ಗಟ್ಟಿಯಾಗಿದ್ದರೆ ಬೆಳಿಗ್ಗೆ ಶಿಶುನಾಳಕ್ಕೆ ಹೋಗಿ ಶರೀಫಜ್ಜನ ಗದ್ದುಗೆಗೆ ನಮಸ್ಕರಿಸಿ ಊಟದ ಹೊತ್ತಿಗೆ ಮನೆಗೆ ಬನ್ನಿ. ಸಂಜೆ ನಾಲ್ಕರ ಮೇಲೆ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ, ಅದು ನಿಮ್ಮ ಮನೆಯಿಂದ ಆಟೊದಲ್ಲಿ ಹೋಗುವಷ್ಟು ಹತ್ತಿರ. ನಾಲ್ಕು ದಿಕ್ಕಿಗೂ ಬಾಗಿಲಿರುವ ಗುಡಿ, ಸುತ್ತ ಮನೆಗಳು. ಕತ್ತಲಾದ ಮೇಲೆ ಸಿದ್ಧಾರೂಢ ಮಠಕ್ಕೆ ಹೋಗಿ. ಮಾವನವರನ್ನು ಅಲ್ಲಿ ಅವಸರಪಡಿಸಬೇಡಿ, ಅವರು ಏಳುವತನಕ ಕುಳಿತಿರಲಿ.